ಗುಲಗಂಜಿ ತೂಕದ ಗುಟ್ಟು

ನಮ್ಮ ತಿರುಮಕೂಡಲು ನರಸೀಪುರದ ಸಂಗಮಕ್ಕೆ ಬಂದ ನೆಂಟರು ಕಾವೇರಿಯನ್ನು ನೋಡುತ್ತಾರೆ, ಕಪಿಲೆಯನ್ನು ನೋಡುತ್ತಾರೆ, ಆಮೇಲೆ, "ಮೂರನೆಯದೆಲ್ಲಿ?" ಎಂದು ಕೇಳುತ್ತಾರೆ. ಮೂರನೆಯದು ಸ್ಫಟಿಕ ಸರೋವರ, ಗುಪ್ತವಾದದ್ದು. ಕಾಣುವುದಿಲ್ಲವೆಂದು ಯಾರೂ ಅದನ್ನು ಲೆಕ್ಕದಿಂದ ಬಿಟ್ಟಿಲ್ಲ. ಮನುಷ್ಯನ ಬಾಳಿನಲ್ಲಿಯೂ ಹೀಗೆ ಕಾಣದ್ದೊಂದು ಹರಿಯುತ್ತಿರುತ್ತದೆ: ತೀರದ ಸಾಲ, ಹೇಳಿಕೊಳ್ಳಲಾರದ ಕಾಯಿಲೆ, ಮುರಿದುಬಿದ್ದ ಸಂಬಂಧ. ಗುಟ್ಟು ಬೇಕಾದದ್ದು ಕಳ್ಳನಿಗೆ ಮಾತ್ರವೆ? ಮಾನವಾಗಿ ಬದುಕುವವನಿಗೂ ಬೇಕು.

ಪ್ರಜೆಗಳ ಗುಟ್ಟು ಸರ್ಕಾರದ ಕೈಗೆ ಸಿಕ್ಕುವುದು ಹೊಸದಲ್ಲ. 17ನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರು ಮೈಸೂರಿನಲ್ಲಿ ಅಂಚೆಯನ್ನು ಏರ್ಪಡಿಸಿದಾಗ, ಅಂಚೆಯ ಅಧಿಕಾರಿ ಪತ್ರ ಸಾಗಿಸುವುದರ ಜೊತೆಗೆ ಸುತ್ತಲಿನ ಸುದ್ದಿಯನ್ನೂ ಅರಮನೆಗೆ ಮುಟ್ಟಿಸಬೇಕಾಗಿತ್ತು. ಹೊರುವ ಕೈಯೂ ಅವನದೇ, ಕೇಳುವ ಕಿವಿಯೂ ಅವನದೇ! ನಾನು ಬಾಲ್ಯದಲ್ಲಿ ಕಂಡ ಅಂಚೆಯವನು ಬೇರೆ ಬಗೆಯವನು. ಓದು ಬಾರದ ಮುದುಕಿಯರಿಗೆ ಕಾಗದ ಓದಿ ಹೇಳುತ್ತಿದ್ದ. ಯಾರ ಮಗ ಹಣ ಕಳಿಸಲಿಲ್ಲ, ಯಾರ ಅಳಿಯ ಮನೆ ಬಿಟ್ಟ, ಎಲ್ಲವೂ ಅವನಿಗೆ ಗೊತ್ತು. ಜಗಲಿಯ ಮೇಲಿದ್ದವರು ಕೆದಕಿದರೆ, "ಕಪಿಲೆಗೆ ನೀರು ಬಂತಂತೆ" ಎಂದು ಹೇಳಿ ಮುಂದಿನ ಮನೆಗೆ ನಡೆಯುತ್ತಿದ್ದ.

ಈಗ ಅವನ ಕೆಲಸವನ್ನು ಗೂಢಲಿಪಿ ವಹಿಸಿಕೊಂಡಿದೆ. ನಾವು ಬರೆದ ಮಾತು ದಾರಿಯಲ್ಲಿ ಅರ್ಥವಿಲ್ಲದ ಅಂಕಿ ಅಕ್ಷರಗಳಾಗಿ ಹೋಗಿ, ಕೀಲಿಯುಳ್ಳವನ ಬಳಿ ಮತ್ತೆ ಮಾತಾಗುತ್ತದೆ. ನಡುವೆ ಕದ್ದವನಿಗೆ ಸಿಕ್ಕುವುದು ಬರಿಯ ಹೊಟ್ಟು. ಸೊಗಸಾದ ಬೀಗ! ಆದರೆ ಅರ್ಜಿ ಕಚೇರಿಯನ್ನು ಮುಟ್ಟಿದ ಮೇಲೆ ಅದನ್ನು ತೆರೆಯಲೇಬೇಕಲ್ಲ. ತೆರೆಯುವ ಗುಮಾಸ್ತರಿಗೆ ಯಾವ ಬೀಗ?

ಈಚೆಗೊಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕಡಲೆಕಾಯಿ ಕೊಂಡೆ. ಪೊಟ್ಟಣ ಬಿಡಿಸಿದರೆ, ಯಾವುದೋ ಕಚೇರಿಗೆ ಕೊಟ್ಟ ಸಹಾಯಧನದ ಅರ್ಜಿ: ಒಬ್ಬ ಹೆಂಗಸಿನ ಭಾವಚಿತ್ರ, ಆಧಾರ್ ಸಂಖ್ಯೆ, ಹೆಬ್ಬೆಟ್ಟು, ಕಾಯಿಲೆಯ ಹೆಸರು. ಆಕೆಯ ಗುರುತು ನನಗಿತ್ತು. ಮೈಸೂರಿನ ಆಸ್ಪತ್ರೆಗೆ ಹೋಗಿಬರುವ ಆಕೆ ಬೀದಿಗೆಲ್ಲ ಹೇಳಿದ್ದು ಮಂಡಿನೋವು ಎಂದು. ಯಾವ ಕಳ್ಳನೂ ಯಾವ ಬೀಗವನ್ನೂ ಮುರಿದಿರಲಿಲ್ಲ. ಯಾರೋ ಹಳೆಯ ಕಾಗದದ ಕಟ್ಟನ್ನು ತೂಕಕ್ಕೆ ಹಾಕಿದ್ದರು, ಅಷ್ಟೆ. ಕಾಗದವನ್ನು ಮಡಿಸಿ ತಂದು ಮನೆಯ ಒಲೆಗೆ ಹಾಕಿದೆ.

ಖಾಸಗಿತನ ನಮ್ಮ ಹಕ್ಕೆಂಬ ಮಾತು ಸುಲಭವಾಗಿ ಬಂದುದಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳು ಒಮ್ಮತದಿಂದ ಅದು ಮೂಲಭೂತ ಹಕ್ಕೆಂದರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನೂ ಆಯಿತು. ತನ್ನ ಕೆಲವು ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನೂ ಸರ್ಕಾರ ಅದರಲ್ಲಿಯೇ ಇರಿಸಿಕೊಂಡಿತು. ಕಾನೂನು ಬೇಕು. ಆದರೆ ಕಾನೂನು ದಿಲ್ಲಿಯದು, ಕಾಗದದ ಕಟ್ಟು ನಮ್ಮೂರಿನದು. ಸರ್ಕಾರದ ಲೆಕ್ಕವನ್ನು ಕೇಳಿದವರಿಗೆ ತೆರೆದು ತೋರಿಸುವುದು, ಬಡವರ ಸಂಗತಿಯನ್ನು ಮುಚ್ಚಿ ಕಾಯುವುದು, ಇವೆರಡೂ ನೌಕರನ ಧರ್ಮ. ಎಷ್ಟೋ ಕಡೆ ನಡೆಯುವುದು ಇದರ ತಿರುಗುಮುರುಗು.

ನಮ್ಮ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುತ್ತಾರೆ. ಎಲ್ಲ ಬೀಗಗಳಿಗಿಂತ ಗುಮಾಸ್ತರ ಸಂಕೋಚ ಅಷ್ಟು ಮಾತ್ರ ಹೆಚ್ಚು ತೂಗಿದರೂ ಸಾಕು; ಆಕೆಯ ಮಂಡಿನೋವು ಮಂಡಿನೋವಾಗಿಯೇ ಉಳಿದೀತು.