ಎರರ್ ಮೈನಸ್ 110

ಆಯಿಯ ವರ್ಷಾಂತಿಕಕ್ಕೆ ಇನ್ನು ಹನ್ನೊಂದು ದಿನ ಇದ್ದಾಗ ಅತ್ತಿ ಫೋನ್ ಮಾಡಿದಳು. "ತಮ್ಮಾ, ಆಕಿ ಹಾಡಿದ್ದೆಲ್ಲಾ ನೀ ತುಂಬಿಟ್ಟೀಯಲ್ಲ, ಅವತ್ತ ಎಲ್ಲಾರಿಗೂ ಒಂದೀಟು ಕೇಳಸು." ಆಗಲಿ ಅಂದೆ. ಅನ್ನುವಾಗ ಆ ಹಾಡುಗಳಿದ್ದ ಹಾರ್ಡ್ ಡಿಸ್ಕ್ ನನ್ನೆದುರಿಗೇ ಟೇಬಲ್ಲಿನ ಮೇಲಿತ್ತು. ಅದರ ವಯರನ್ನು ಚುಚ್ಚಿದ್ದ ಕಂಪ್ಯೂಟರಿಗೆ ಮಾತ್ರ ಅಲ್ಲೊಂದು ಡಿಸ್ಕ್ ಇದೆ ಎಂಬುದೇ ಗೊತ್ತಿರಲಿಲ್ಲ.

ಆಯಿಗೆ ಬೀಸುವ ಕಲ್ಲಿನ ಪದಗಳು ಎರಡು ಭಾಷೆಯಲ್ಲಿ ಬರುತ್ತಿದ್ದವು. ತವರು ಬೈಲಹೊಂಗಲದ ಕಡೆ, ಅಲ್ಲಿಂದ ತಂದದ್ದು ಕನ್ನಡ. ಖಾನಾಪುರಕ್ಕೆ ಸೊಸೆಯಾಗಿ ಬಂದ ಮೇಲೆ ನೆರೆಮನೆಯವರ ಜೊತೆ ಕೂತು ಬೀಸುತ್ತ ಕಲಿತದ್ದು ಮರಾಠಿ ಓವಿ. ಒಮ್ಮೊಮ್ಮೆ ಒಂದೇ ಪದ ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತಿತ್ತು. ನನ್ನ ಪಿಎಚ್‌ಡಿ ಹುಟ್ಟಿದ್ದೇ ಅಲ್ಲಿ. ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಅವರ ಕೈಯಲ್ಲಿ ಇದ್ದದ್ದು ಕಾಗದ, ಪೆನ್ನು. ಗಡಿಯ ಆಚೆ ಹೇಮಾ ರಾಯರಕರ್ ಮತ್ತು ಗೀ ಪ್ವಾತ್ವಾಂ ಅವರ ತಂಡ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಓವಿಗಳನ್ನು ಕೂಡಿಸಿತು. ಅದರಲ್ಲಿ ಸಾಕಷ್ಟು ಧ್ವನಿಯಾಗಿಯೂ ಉಳಿದಿದೆ. ನಾನು ಎರಡು ಬೇಸಿಗೆಯಲ್ಲಿ ಆಯಿಯ ಹದಿನಾಲ್ಕು ತಾಸು ಧ್ವನಿ ತುಂಬಿಸಿಕೊಂಡಿದ್ದೆ. ರೆಕಾರ್ಡರಿನ ಕಾರ್ಡನ್ನು ಅಳಿಸಿ ಅಳಿಸಿ ಮತ್ತೆ ಬಳಸಿದ್ದೆ. ಹೀಗಾಗಿ ಇದ್ದದ್ದು ಒಂದೇ ಪ್ರತಿ. ಕಿರಿಯ ಸಂಶೋಧಕರಿಗೆ "ಎರಡು ಕಡೆ ತೆಗೆದಿಡ್ರಪ್ಪಾ" ಎಂದು ಬುದ್ಧಿ ಹೇಳುವವನೂ ನಾನೇ.

ಕಂಪ್ಯೂಟರಿನ ಕತೆ ಹೀಗೆ. ಹೋದ ಮಳೆಗಾಲದಲ್ಲಿ ಲ್ಯಾಪ್‌ಟಾಪ್ ಸುಟ್ಟಿತು. ಹೊಸದಕ್ಕೆ ದುಡ್ಡಿರಲಿಲ್ಲ. ಬೆಳಗಾವಿಯಲ್ಲಿ ಹಳೇ ಸಾಮಾನು ಮಾರುವವರೊಬ್ಬರ ಬಳಿ ಎಎಂಡಿ ಪ್ರೊಸೆಸರಿನ ಹತ್ತು-ಹನ್ನೆರಡು ವರ್ಷ ಹಳೆಯ ಮದರ್‌ಬೋರ್ಡ್, ಎಂಟು ಜಿಬಿ ರ‍್ಯಾಮ್, ಒಂದು ತುಕ್ಕು ಹಿಡಿದ ಕ್ಯಾಬಿನೆಟ್ ಸಿಕ್ಕವು. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಖಾನಾಪುರಕ್ಕೆ ತಂದು, ಹಂಚಿನ ಮಾಡಿನ ಕೆಳಗೆ ನಾನೇ ಜೋಡಿಸಿದೆ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಬದುಕಿತ್ತು. ಅದನ್ನೇ ಇಲ್ಲಿ ಚುಚ್ಚಿದರೆ ಒಳಗಿದ್ದ ಲಿನಕ್ಸ್ ಏನೂ ತಕರಾರು ಮಾಡದೆ ಎದ್ದಿತು. ಮನೆ ಬದಲಾದದ್ದು ತನಗೆ ಗೊತ್ತೇ ಆಗಿಲ್ಲವೆಂಬಂತೆ ಲಾಗಿನ್ ಪರದೆ ಬಂತು. ಹಿಗ್ಗಿದೆ. ಪಾಸ್‌ವರ್ಡ್ ಒತ್ತಲು ಹೋದರೆ ಕೀಬೋರ್ಡ್ ಸತ್ತಿತ್ತು. ಮೌಸೂ ಸತ್ತಿತ್ತು.

ವಿಚಿತ್ರವೆಂದರೆ ಅದೇ ಕೀಬೋರ್ಡ್ ಬಯೋಸ್‌ನಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲೂ ನಡೆಯುತ್ತಿತ್ತು. ಲಿನಕ್ಸ್ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ದೀಪ ಆರುತ್ತಿತ್ತು. ಪೋರ್ಟ್ ಬದಲಿಸಿದೆ, ವಯರ್ ಬದಲಿಸಿದೆ, ಹಿಂದೆ ಮುಂದೆ ಎಲ್ಲಾ ಚುಚ್ಚಿ ನೋಡಿದೆ. ಬಾಗಿಲಲ್ಲಿ ನಿಂತಿದ್ದ ಅಪ್ಪ "ಏನಾತೋ?" ಅಂದರು. "ಯಾವುದೂ ಹತ್ತವಲ್ದು" ಅಂದೆ. "ಹಳೇದು ತಂದ್ರ ಹಂಗ" ಅಂದು ಒಳಗೆ ಹೋದರು.

ನಾಲ್ಕನೇ ದಿನ ಹೆದರಿಕೆಯಾಗಿ ಡಿಸ್ಕನ್ನು ಬೆಳಗಾವಿಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಅದನ್ನು ತನ್ನ ವಿಂಡೋಸ್ ಕಂಪ್ಯೂಟರಿಗೆ ಚುಚ್ಚಿದ. ಪರದೆಯ ಮೇಲೆ ಒಂದು ಚೌಕ ಬಂತು: ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹುಡುಗನ ಬೆರಳು ಮೌಸಿನ ಮೇಲಿತ್ತು. "ಸರ್, ಡಿಸ್ಕ್ ಹೋಗೇತ್ರಿ. ಫಾರ್ಮ್ಯಾಟ್ ಹೊಡದ್ರ ಡಿಸ್ಕರ ಉಳೀತದ." ನಾನು ಅವನ ಮುಂಗೈ ಹಿಡಿದುಬಿಟ್ಟೆ. ಅವನಿಗೆ ಸಿಟ್ಟು ಬಂತು. ಒಳಗಿನದು ಬೇಕಾದರೆ ಬೇರೆ ಊರಿಗೆ ಕಳಿಸಬೇಕು, ಸಾವಿರಗಟ್ಟಲೆ ಆಗುತ್ತದೆ ಅಂದ. ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಸ್ ಹತ್ತಿದೆ.

ಮಚ್ಛೆ ದಾಟುವಾಗ ಹೊಳೆಯಿತು. ಫಾರ್ಮ್ಯಾಟ್ ಮಾಡಲೇ ಎಂದು ಕೇಳಬೇಕಾದರೆ ಆ ಕಂಪ್ಯೂಟರಿಗೆ ಡಿಸ್ಕ್ ಕಂಡಿರಲೇಬೇಕಲ್ಲ! ನನ್ನ ಡಿಸ್ಕಿನಲ್ಲಿದ್ದದ್ದು ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಂ. ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ, ಹಾಗಾಗಿ ಖಾಲಿ ಎಂದುಕೊಳ್ಳುತ್ತದೆ. ತನಗೆ ಓದಲು ಬಾರದ ಲಿಪಿಯನ್ನು ಗೀಚು ಅಂದುಕೊಂಡು ಒರೆಸಲು ಹೊರಟ ಹಾಗೆ. ಅಂದರೆ ಡಿಸ್ಕ್ ಗಟ್ಟಿಯಾಗಿದೆ, ರೋಗ ಇರುವುದು ನಾನು ಕಟ್ಟಿದ ಡಬ್ಬಿಯಲ್ಲಿ. ಅಷ್ಟು ಸಮಾಧಾನದಿಂದ ನಾನು ಯಾವತ್ತೂ ನನ್ನ ತಪ್ಪನ್ನು ಒಪ್ಪಿಕೊಂಡಿರಲಿಲ್ಲ.

ಆದರೆ ಡಬ್ಬಿಯನ್ನು ಕೇಳಬೇಕಾದರೆ ಟೈಪ್ ಮಾಡಬೇಕು. ಅಟ್ಟ ಹತ್ತಿ ಹುಡುಕಿದೆ. ಹಳೇ ಕಂಪ್ಯೂಟರಿನ ಕೀಬೋರ್ಡ್ ಸಿಕ್ಕಿತು, ದುಂಡನೆಯ ನೇರಳೆ ಪಿನ್ನಿನದು, ಪಿಎಸ್/2. ಇದಕ್ಕೂ ಯುಎಸ್‌ಬಿಗೂ ಸಂಬಂಧವಿಲ್ಲ. ಯಂತ್ರ ಆರಿಸಿ, ಚುಚ್ಚಿ, ಹಚ್ಚಿದೆ. ಅಕ್ಷರ ಮೂಡಿತು. 'ಡಿಮೆಸೇಜ್' ಎಂಬ ಆಜ್ಞೆ ಕೊಟ್ಟರೆ ಕರ್ನಲ್ ತಾನು ಎದ್ದಾಗಿನಿಂದ ಕಂಡದ್ದನ್ನೆಲ್ಲ ಹೇಳುತ್ತದೆ. ಅಲ್ಲಿ ಸಾಲುಸಾಲಾಗಿ ಒಂದೇ ಗೋಳು: ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ ಮೈನಸ್ 110.

ಯಾವುದೇ ಯುಎಸ್‌ಬಿ ಸಾಧನವನ್ನು ಚುಚ್ಚಿದಾಗ ಕಂಪ್ಯೂಟರ್ ಮೊದಲು ನೀನು ಯಾರು ಎಂದು ಕೇಳುತ್ತದೆ. ಸಾಧನ ತನ್ನ ಕುಲಗೋತ್ರ ಹೇಳಬೇಕು, ಅದೇ ಡಿಸ್ಕ್ರಿಪ್ಟರ್. ಮೈನಸ್ 110 ಎಂದರೆ ಕೇಳಿದೆ, ಕಾದೆ, ಉತ್ತರ ಬರಲಿಲ್ಲ. ಮೈನಸ್ 71 ಎಂಬ ಇನ್ನೊಂದಿದೆ. ಅದರರ್ಥ ಉತ್ತರ ಬಂತು, ಆದರೆ ತೊದಲು, ತಿಳಿಯಲಿಲ್ಲ. ಒಂದು ಮೌನ, ಇನ್ನೊಂದು ಅಪಭ್ರಂಶ. ಭಾಷೆ ಓದುವವನಿಗೆ ಇಂಥದ್ದು ಸಿಕ್ಕರೆ ಕೆಲಸ ಬಿಟ್ಟು ಕೂತುಬಿಡುತ್ತಾನೆ; ನಾನೂ ಕೂತೆ, ಕರೆಂಟ್ ಹೋಗುವವರೆಗೆ.

ಎಲ್ಲ ಪೋರ್ಟುಗಳೂ ಒಟ್ಟಿಗೆ ಮೌನವಾದರೆ ದೋಷ ಸಾಧನಗಳದ್ದಲ್ಲ, ನಡುವೆ ಯಾರೋ ಮಾತು ತಡೆಯುತ್ತಿದ್ದಾರೆ. ಮೊಬೈಲಿನಲ್ಲಿ ಹುಡುಕಿದಾಗ ಆ ಕಾಲದ ಕೆಲವು ಎಎಂಡಿ ಬೋರ್ಡುಗಳಿಗೆ ಇದು ಹಳೇ ಚಾಳಿ ಎಂದು ತಿಳಿಯಿತು. ಬಯೋಸ್‌ನಲ್ಲಿ ಐಒಎಂಎಂಯು ಎಂಬ ಒಂದು ಆಯ್ಕೆ. ಸಾಧನಗಳು ಮೆಮೊರಿಯ ಯಾವ ಜಾಗಕ್ಕೆ ಬರೆಯಬಹುದು ಎಂದು ವಿಳಾಸ ಬದಲಿಸಿ ಕೊಡುವ ದ್ವಾರಪಾಲಕ. ಕಾರ್ಖಾನೆಯಿಂದ ಬರುವಾಗಲೇ ಅದನ್ನು ಆರಿಸಿಟ್ಟಿರುತ್ತಾರೆ. 64 ಬಿಟ್ ಲಿನಕ್ಸಿನಲ್ಲಿ ಆಗ ಯುಎಸ್‌ಬಿಯೂ ನಡೆಯದೆ, ನೆಟ್‌ವರ್ಕೂ ನಡೆಯದೆ ನಿಲ್ಲುವುದುಂಟು. ನನ್ನ ಇಂಟರ್ನೆಟ್ ವಯರೂ ಸತ್ತಿತ್ತೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ! ಬಯೋಸ್ ಹೊಕ್ಕು ಅದನ್ನು ಹಚ್ಚಿ, ಎಫ್10 ಒತ್ತಿ ಉಳಿಸಿದೆ. ಲಾಗಿನ್ ಪರದೆಯಲ್ಲಿ ಮೌಸಿನ ಬಾಣ ಅಲುಗಾಡಿತು. ಗ್ರಬ್‌ನಲ್ಲಿ ಕರ್ನಲ್ ಸಾಲಿನ ತುದಿಗೆ 'ಐಒಎಂಎಂಯು=ಸಾಫ್ಟ್' ಎಂದು ಸೇರಿಸಿದ ಮೇಲೆ ಇಂಟರ್ನೆಟ್ಟೂ ಬಂತು.

ಡಿಸ್ಕನ್ನು ಮುಂದಿನ ಪೋರ್ಟಿಗೆ ಚುಚ್ಚಿದೆ. ಕಟ್ ಕಟ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಡಿಮೆಸೇಜ್ ನೋಡಿದರೆ ಈಗ ಮೈನಸ್ 71. ನಗು ಬಂತು, ಮೌನದಿಂದ ತೊದಲಿಗೆ ಬಂದಿದ್ದೆವು. ಮುಂದಿನ ಪೋರ್ಟೆಂದರೆ ಕ್ಯಾಬಿನೆಟ್ಟಿನೊಳಗೆ ಮೊಳದುದ್ದದ ತೆಳು ವಯರು, ಅದರ ತುದಿಯಲ್ಲಿ ಸಡಿಲ ಪಿನ್ನು. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದ ಕರೆಂಟೇ 500 ಮಿಲಿಆಂಪಿಯರ್, ತಿರುಗುವ ಡಿಸ್ಕಿಗೆ ಅದು ಮೊದಲೇ ಕಡಿಮೆ. ಈ ವಯರಿನಲ್ಲಿ ಅದೂ ಸೋರುತ್ತಿತ್ತು. ಡಿಸ್ಕನ್ನು ಹಿಂದೆ, ಮದರ್‌ಬೋರ್ಡಿಗೇ ಅಂಟಿದ ನೀಲಿ ಯುಎಸ್‌ಬಿ 3 ಪೋರ್ಟಿಗೆ ಹಾಕಿದೆ. ಅಲ್ಲಿ 900 ಸಿಗುತ್ತದೆ. ಫೋಲ್ಡರ್ ತೆರೆದುಕೊಂಡಿತು. ಅವತ್ತು ರಾತ್ರಿಯೇ ಮೂರು ಪ್ರತಿ ಮಾಡಿದೆ.

ವರ್ಷಾಂತಿಕದ ದಿನ ಊಟವಾದ ಮೇಲೆ ಪಡಸಾಲೆಯಲ್ಲಿ ಸ್ಪೀಕರ್ ಇಟ್ಟೆ. ಅತ್ತಿ, ಅಪ್ಪ, ಬೈಲಹೊಂಗಲದಿಂದ ಬಂದವರು, ಪಕ್ಕದ ಮನೆಯ ಕಾಕು. ನಾಲ್ಕು ಪದ ಕೇಳಿಸಿದೆ. ಪ್ರತಿ ಪದದ ನಡುವೆ ನನ್ನದೇ ಧ್ವನಿ ಅಡ್ಡ ಬರುತ್ತಿತ್ತು: "ಆಯಿ, ಮೈಕ್ ಕಡೆ ಮುಖಾ ಮಾಡ", "ಆಯಿ, ಇನ್ನೊಮ್ಮೆ ಅನ್ನು." ಎಷ್ಟು ಅವಸರ ಇತ್ತು ನನಗೆ! ಐದನೆಯದು ನಾನು ರೆಕಾರ್ಡರ್ ಆರಿಸಲು ಮರೆತು ಹೊರಗೆ ಹೋದ ಫೈಲು. ಪ್ರಬಂಧಕ್ಕೆ ಬಾರದ್ದೆಂದು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ನಿಲ್ಲಿಸಲು ಎದ್ದರೆ ಅತ್ತಿ ಕೈ ಸನ್ನೆ ಮಾಡಿ ಕೂರಿಸಿದಳು.

ಮೊರದಲ್ಲಿ ಅಕ್ಕಿ ಕೇರುವ ಸದ್ದು. ಆಮೇಲೆ ಆಯಿ ಬೇಲಿಯಾಚೆಗೆ ಮರಾಠಿಯಲ್ಲಿ ಕೂಗಿ ಹೇಳುತ್ತಾಳೆ, ಮೊಮ್ಮಗ ನನ್ನ ಧ್ವನಿಯನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋಗುತ್ತಿದ್ದಾನೆ ಎಂದು. ಎಲ್ಲರೂ ನಕ್ಕರು. ಮತ್ತೆ ಸ್ವಲ್ಪ ಹೊತ್ತು ಬರೀ ಅಕ್ಕಿಯ ಸದ್ದು. ದೂರದಲ್ಲಿ ಗುಡುಗು. ಆಯಿ ಮತ್ತೆ ಕೂಗಿದಳು, ಮಳೆ ಬಂತು, ಹಪ್ಪಳ ಒಳಗೆ ತೆಗೆದೆಯೇನೇ?

ರೆಕಾರ್ಡಿಂಗಿನಲ್ಲಿ ಉತ್ತರ ಬರುವ ಮೊದಲೇ, ಗೋಡೆಗೆ ಆನಿಕೊಂಡು ತೂಕಡಿಸುತ್ತಿದ್ದ ಕಾಕು ತಲೆ ಎತ್ತಿ, "ಕಾಢ್ಲೇ ಗ, ಕಾಢ್ಲೇ" ಅಂದರು.