ಕೈಯಾರೆ ಬರೆದ ಪುಟ

ಉಡುಪಿ ಜಿಲ್ಲೆಯ ಕುಂದಾಪುರ ತಾಲೂಕಿನಲ್ಲಿ, ಅರಬ್ಬೀ ಸಮುದ್ರಕ್ಕೆ ಸಮೀಪವಾಗಿ, ಹೆದ್ದಾರಿಯ ಮಗ್ಗುಲಲ್ಲಿ ಕುಂಭಾಶಿ ಎಂಬ ಊರಿದೆ. ಅಲ್ಲಿಯ ಆನೆಗುಡ್ಡೆಯಲ್ಲಿ ನೆಲಸಿರುವ ವಿನಾಯಕನಿಗೆ ಕೈಮುಗಿದು ಹೊಸ ಕಾರ್ಯಕ್ಕೆ ತೊಡಗುವುದು ಸುತ್ತಲಿನ ಜನರ ರೂಢಿ. ಎಳೆಯ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಮೊದಲ ಅಕ್ಷರವನ್ನು ಬರೆಯಿಸುವುದೂ ಈ ನಾಡಿನ ಹಳೆಯ ಸಂಪ್ರದಾಯವೇ. ಅಕ್ಷರವನ್ನು ಕಣ್ಣಿನಿಂದ ಕಂಡರೆ ಸಾಲದು, ಕೈಯಿಂದ ತಿದ್ದಬೇಕು ಎಂಬ ತಿಳಿವಳಿಕೆ ಇದರ ಹಿಂದೆ ಅಡಗಿದೆ. ಜಾಲಪುಟವನ್ನು ರಚಿಸಲು ಹೊರಟ ಇಂದಿನ ವಿದ್ಯಾರ್ಥಿಗೂ ಈ ಮಾತು ಅಷ್ಟೇ ಸಲ್ಲುತ್ತದೆ.

ಜಗದ್ವ್ಯಾಪಿ ಜಾಲದ ಯೋಜನೆಯನ್ನು 1989ರಲ್ಲಿ ಮುಂದಿಟ್ಟವರು ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿಜ್ಞಾನಿ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದ ವಿದ್ವಾಂಸರು ತಮ್ಮ ಬರಹಗಳನ್ನು ಸುಲಭವಾಗಿ ಹಂಚಿಕೊಳ್ಳುವಂತಾಗಬೇಕೆಂಬುದು ಅವರ ಉದ್ದೇಶವಾಗಿತ್ತು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಸರ್ವರಿಗೂ ಬಿಟ್ಟುಕೊಟ್ಟಿತು. ಆದುದರಿಂದಲೇ ಇಂದು ಕುಂಭಾಶಿಯ ಬಾಲಕಿಯೊಬ್ಬಳು ತನ್ನ ಊರಿನ ಪುಟವೊಂದನ್ನು ಬರೆಯಲು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಸಾದಾ ಬರಹದ ತಂತ್ರಾಂಶವೊಂದು, ಪುಟವನ್ನು ತೋರಿಸುವ ಬ್ರೌಸರ್ ಒಂದು, ಇವಿಷ್ಟೇ ಆಕೆಗೆ ಬೇಕಾದ ಸಲಕರಣೆಗಳು. ಎರಡೂ ಸಾಮಾನ್ಯವಾಗಿ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತವೆ.

ಜಾಲಪುಟಕ್ಕೆ ಮೂರು ಭಾಷೆಗಳುಂಟು. ಇವುಗಳ ಸಂಬಂಧವನ್ನು ಬಡಗುತಿಟ್ಟಿನ ಯಕ್ಷಗಾನವನ್ನು ಬಲ್ಲವರು ಬೇಗ ಗ್ರಹಿಸುತ್ತಾರೆ. ಎಚ್‌ಟಿಎಮ್‌ಎಲ್ ಪ್ರಸಂಗವಿದ್ದಂತೆ, ಯಾವುದು ಶೀರ್ಷಿಕೆ, ಯಾವುದು ವಾಕ್ಯವೃಂದ, ಯಾವುದು ಚಿತ್ರ ಎಂಬುದನ್ನು ಅದು ನಿರ್ಧರಿಸುತ್ತದೆ. 1996ರಲ್ಲಿ ಮೊದಲ ಮಾನಕವಾಗಿ ಪ್ರಕಟವಾದ ಸಿಎಸ್‌ಎಸ್ ವೇಷಭೂಷಣ. ಬಣ್ಣ, ಅಳತೆ, ಅಂತರ ಇವೆಲ್ಲ ಅದರ ಪಾಲು. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್ ಕುಣಿತ. ಓದುಗನು ಗುಂಡಿಯನ್ನು ಒತ್ತಿದಾಗ ಪುಟವು ಚಲಿಸುವುದು ಅದರಿಂದ. ಮೇಳಕ್ಕೆ ಸೇರಿದ ಬಾಲಕನು ಹಿಂದೆ ಕೋಡಂಗಿ, ಬಾಲಗೋಪಾಲ ವೇಷಗಳಿಂದ ತೊಡಗಿ ಮೆಲ್ಲಮೆಲ್ಲನೆ ಮೇಲೇರುತ್ತಿದ್ದನು. ಮೊದಲ ರಾತ್ರಿಯೇ ಕಿರೀಟ ಹೊತ್ತು ರಂಗಕ್ಕೆ ಬರುತ್ತಿರಲಿಲ್ಲ. ಹಾಗೆಯೇ ಮೊದಲು ಎಚ್‌ಟಿಎಮ್‌ಎಲ್, ಅನಂತರ ಸಿಎಸ್‌ಎಸ್, ಕೊನೆಗೆ ಜಾವಾಸ್ಕ್ರಿಪ್ಟ್ ಎಂಬ ಕ್ರಮವನ್ನು ಹಿಡಿಯುವುದು ಲೇಸು.

ಬಾಲಕಿಯು ಕುಂಭಾಸುರನ ಕಥೆಯನ್ನೇ ಆರಿಸಿಕೊಂಡಳೆಂದು ಭಾವಿಸಬಹುದು. ಗಣಪತಿಯಿಂದ ದೊರೆತ ಖಡ್ಗದಿಂದ ಭೀಮನು ಆ ಅಸುರನನ್ನು ಕೊಂದನೆಂದೂ, ಕುಂಭ ಮತ್ತು ಅಸಿ ಎಂಬ ಪದಗಳು ಕೂಡಿ ಊರಿಗೆ ಹೆಸರಾಯಿತೆಂದೂ ಸ್ಥಳಪುರಾಣವು ಹೇಳುತ್ತದೆ. ಅವಳು ಕಥೆಯನ್ನು ಬರೆದು, ಪ್ರತಿಯೊಂದು ಭಾಗಕ್ಕೂ ಆರಂಭದ ಗುರುತು ಮತ್ತು ಮುಕ್ತಾಯದ ಗುರುತುಗಳನ್ನು ತನ್ನ ಕೈಯಿಂದಲೇ ಹಾಕಬೇಕು. ಒಂದು ಮುಕ್ತಾಯದ ಗುರುತು ತಪ್ಪಿದರೆ ಶೀರ್ಷಿಕೆಯ ದಪ್ಪಕ್ಷರವು ಕಥೆಯುದ್ದಕ್ಕೂ ಹರಡಿಕೊಂಡೀತು. ಬ್ರೌಸರ್ ಇಂತಹ ತಪ್ಪುಗಳನ್ನು ಸದ್ದಿಲ್ಲದೆ ಸಹಿಸಿಕೊಳ್ಳುತ್ತದೆ. ಅದೇ ಕಲಿಯುವವರಿಗೆ ಅಪಾಯ. ತೋರಿಕೆಗೆ ಸರಿಯಾಗಿರುವ ಪುಟವು ಒಳಗೆ ತಪ್ಪಾಗಿರಬಹುದು. ಆದುದರಿಂದ ಒಂದೆರಡು ಸಾಲು ಬರೆದೊಡನೆ ಉಳಿಸಿ, ತೆರೆದು, ನೋಡಿ, ತಿದ್ದಿ ಮುಂದುವರಿಯಬೇಕು. ನೂರು ಸಾಲು ಬರೆದ ಮೇಲೆ ತಪ್ಪನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಉಂಗುರವನ್ನು ಅರಸಿದಂತೆ.

ಇನ್ನು ಅಕ್ಷರದ ವಿಚಾರ. ಕುಂಭಾಶಿ ಎಂಬುದು ನಮ್ಮ ಕಣ್ಣಿಗೆ ಮೂರೇ ಅಕ್ಷರ. ಯುನಿಕೋಡ್ ವ್ಯವಸ್ಥೆಯಲ್ಲಿ ಅದು ಏಳು ಸಂಕೇತಗಳು: ಮೂರು ವ್ಯಂಜನ, ಮೂರು ಸ್ವರಚಿಹ್ನೆ, ಒಂದು ಅನುಸ್ವಾರ. ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರು ಬೈಟುಗಳಂತೆ ಒಟ್ಟು 21 ಬೈಟುಗಳು. ಪುಟದ ತಲೆಭಾಗದಲ್ಲಿ ಈ ಕ್ರಮವನ್ನೂ, ಭಾಷೆ ಕನ್ನಡವೆಂಬುದನ್ನೂ ನಮೂದಿಸುವುದು ಕೇವಲ ಎರಡು ಸಾಲುಗಳ ಕೆಲಸ. ಅದನ್ನು ಅಲಕ್ಷಿಸಿದರೆ ಆಗುವ ನಷ್ಟ ಮಾತ್ರ ಸಣ್ಣದಲ್ಲ. ಯುನಿಕೋಡ್ ರೂಢಿಗೆ ಬರುವ ಮುನ್ನ, ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡ ಲಿಪಿಯ ತುಣುಕುಗಳನ್ನು ಕೂರಿಸಿದ ಫಾಂಟುಗಳಲ್ಲಿ ಅಪಾರವಾದ ಬರಹ ಸಿದ್ಧವಾಯಿತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಈಗ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ತಾಳೆಗರಿಯನ್ನು ಗೆದ್ದಲು ತಿನ್ನಲು ಕಾಲ ಬೇಕಾಗಿತ್ತು. ಈ ಬರಹಗಳು ಒಂದು ತಲೆಮಾರಿನೊಳಗೇ ಮೂಕವಾದವು. ಅಂತಹ ಕಡತವನ್ನು ಯುನಿಕೋಡಿಗೆ ಪರಿವರ್ತಿಸಿ ಮತ್ತೆ ಮಾತನಾಡಿಸಬಲ್ಲವರು ಸಂಕೇತಗಳ ಒಳಮರ್ಮವನ್ನು ಅರಿತವರೇ.

ಈ ಅರಿವನ್ನು ಕನ್ನಡಕ್ಕೆ ತಂದುಕೊಟ್ಟ ಹಿರಿಯರಿದ್ದಾರೆ. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿರಚನೆಯನ್ನೇ ಆಧಾರವಾಗಿಟ್ಟುಕೊಂಡು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಡಾ. ಯು. ಬಿ. ಪವನಜ ಅವರು 1996ರಲ್ಲಿಯೇ ‘ವಿಶ್ವಕನ್ನಡ’ ಜಾಲತಾಣವನ್ನು ಆರಂಭಿಸಿದರು. ಸಿದ್ಧ ವಸ್ತು ಬರಲೆಂದು ಕಾದು ಕುಳಿತವರಿಂದ ಇಂತಹ ಕೆಲಸ ಆಗುವುದಿಲ್ಲ.

ಇಂದು ಸಿದ್ಧ ಅಚ್ಚುಗಳು ಹೇರಳವಾಗಿವೆ. ಹೇಳಿದೊಡನೆ ಸಂಕೇತವನ್ನು ಬರೆದುಕೊಡುವ ಕೃತಕ ಬುದ್ಧಿಮತ್ತೆಯೂ ಬಂದಿದೆ. ಅವನ್ನು ದೂರವಿಡಬೇಕಾಗಿಲ್ಲ. ಆದರೆ ಲೆಕ್ಕ ಬಾರದವನಿಗೆ ಅಂಗಡಿಯವನು ಕೊಟ್ಟ ಚೀಟಿ ಸರಿಯೋ ತಪ್ಪೋ ತಿಳಿಯದು. ಕೈಯಾರೆ ಹತ್ತು ಪುಟ ಬರೆದವರು ಮಾತ್ರ ಯಂತ್ರ ಬರೆದ ಪುಟವನ್ನು ಪರೀಕ್ಷಿಸಬಲ್ಲರು. ಬ್ರೌಸರಿನಲ್ಲಿ ಯಾವ ಪುಟದ ಮೂಲವನ್ನಾದರೂ ತೆರೆದು ಓದಬಹುದು. ಬಲ್ಲವರ ಪುಟಗಳನ್ನು ಹಾಗೆ ಓದುತ್ತ ಹೋಗುವುದು ಉತ್ತಮ ಅಭ್ಯಾಸ.

ಪುಟವು ಸಿದ್ಧವಾದ ಮೇಲೆ ಓದುವವರನ್ನು ನೆನೆಯಬೇಕು. ಚಿತ್ರಕ್ಕೆ ಮಾತಿನ ವಿವರಣೆಯನ್ನು ಸೇರಿಸಿದರೆ ಕಣ್ಣು ಕಾಣದವರಿಗೂ ಅವರ ಯಂತ್ರವು ಅದನ್ನು ಓದಿ ಹೇಳುತ್ತದೆ. ಆಷಾಢದ ಮಳೆಯಲ್ಲಿ ಸಂಪರ್ಕ ಕುಂಟುವಾಗಲೂ ಹಗುರವಾದ ಪುಟವು ಸಣ್ಣ ಮೊಬೈಲಿಗೆ ಬಂದು ತಲಪುತ್ತದೆ. ಸರ್ನ್‌ನಲ್ಲಿ ರಚಿತವಾದ ಮೊದಲ ಜಾಲತಾಣದ ಪುಟಗಳನ್ನು ಇಂದಿನ ಬ್ರೌಸರಿನಲ್ಲಿಯೂ ತೆರೆದು ಓದಬಹುದಾಗಿದೆ. ಅವುಗಳ ರಚನೆ ಅಷ್ಟು ಸರಳ. ಕುಂಭಾಶಿಯ ಕಥೆಯನ್ನೂ ಹಾಗೆ ಬರೆದಿಟ್ಟರೆ ಮುಂದಿನವರಿಗೆ ಅದು ಕನ್ನಡದಲ್ಲಿಯೇ ದೊರೆಯುತ್ತದೆ.