ಬೆಳಕಿನ ಲೆಕ್ಕ

ನಾಟಕವನ್ನು ನೋಡಿ ಮನೆಗೆ ಮರಳುವವರು ದಾರಿಯುದ್ದಕ್ಕೂ ಪಾತ್ರಧಾರಿಗಳ ಮಾತನ್ನೇ ಆಡುವರು. ಒಬ್ಬರಿಗೆ ನಾಯಕನ ಕಂಠ ಹಿಡಿಸಿರುತ್ತದೆ; ಇನ್ನೊಬ್ಬರಿಗೆ ವಿದೂಷಕನ ಮಾತಿನ ವರಸೆ. ವೇಷಭೂಷಣಗಳಿಗೂ ರಂಗಸಜ್ಜಿಕೆಗೂ ಅಷ್ಟಿಷ್ಟು ಪ್ರಶಂಸೆ ಸಲ್ಲುವುದುಂಟು. ದೀಪದ ವಿಷಯ ಮಾತ್ರ ಯಾರ ಬಾಯಿಗೂ ಬರುವುದಿಲ್ಲ. ಬಂದರೆ, ಅದು ಎಲ್ಲಿಯೋ ಕೆಟ್ಟಿತೆಂದೇ ತಿಳಿಯಬೇಕು. ಇದರಲ್ಲಿ ಅನ್ಯಾಯವೇನೂ ಇಲ್ಲ. ಬೆಳಕು ಇರುವುದು ಬೇರೆಯದನ್ನು ತೋರಿಸುವುದಕ್ಕೆ, ತನ್ನನ್ನು ತೋರಿಸಿಕೊಳ್ಳುವುದಕ್ಕಲ್ಲ. ಆದರೆ ಆ ಬೆಳಕನ್ನು ಏರಿಸಿ ಇಳಿಸುವವನ ಮುಂದೆ ಒಂದು ಫಲಕವಿರುತ್ತದೆ. ಪ್ರೇಕ್ಷಕರಾರೂ ಕಾಣದ ಆ ಫಲಕವನ್ನು ಓದುವುದು ಹೇಗೆ, ಅದನ್ನು ನಮ್ಮ ಕೆಲಸಕ್ಕೆ ತಕ್ಕಂತೆ ಅಣಿಗೊಳಿಸಿಕೊಳ್ಳುವುದು ಹೇಗೆ ಎಂಬ ವಿಷಯದಲ್ಲಿ ನಾನು ಕಲಿತ ಒಂದೆರಡು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ನಾನು ಮೂವತ್ತೆರಡು ವರ್ಷ ಲೆಕ್ಕಪತ್ರಗಳ ನಡುವೆ ಕಾಲ ಕಳೆದವನು. ನಿವೃತ್ತನಾದ ಮೇಲೆ ನಮ್ಮೂರಿನ ಹವ್ಯಾಸಿ ನಾಟಕಮಂಡಲಿಯ ಮಿತ್ರರು ಒಂದು ಸಂಜೆ ಮನೆಗೆ ಬಂದು, “ರಾಯರೆ, ಅಂಕೆಗಳೆಂದರೆ ನಮಗೆಲ್ಲ ಭಯ, ನಿಮಗಿಲ್ಲ. ದೀಪದ ಕೆಲಸವನ್ನು ನೀವೇ ನೋಡಿಕೊಳ್ಳಬೇಕು” ಎಂದರು. ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಯ ಬಯಲಾಟಕ್ಕೆ ಎರಡು ಪೆಟ್ರೋಮ್ಯಾಕ್ಸ್ ದೀಪಗಳು. ಅವಕ್ಕೆ ಆಗಾಗ ಪಂಪು ಹೊಡೆಯುವವನೇ ದೀಪಾಧಿಕಾರಿ. ಬೆಳಕು ಕುಂದಿದುದು ಕಣ್ಣಿಗೆ ಕಾಣುತ್ತಿದ್ದಿತು, ಅವನು ಎದ್ದು ಹೋಗುತ್ತಿದ್ದನು. ಓದಬೇಕಾದುದೆಂಬುದು ಏನೂ ಇರಲಿಲ್ಲ. ಈಗ ನಮ್ಮ ರಂಗಮಂದಿರದಲ್ಲಿ ನಲವತ್ತೆಂಟು ದೀಪಗಳಿವೆ. ಅವುಗಳಲ್ಲಿ ಮೂವತ್ತಾರು ಕಟ್ಟಿದೆಡೆಯಲ್ಲಿಯೇ ನಿಂತು ಉರಿಯುವ ಸಾಧುಗಳು; ಉಳಿದ ಹನ್ನೆರಡು ತಲೆ ತಿರುಗಿಸಿ, ಬಣ್ಣ ಬದಲಾಯಿಸಿ, ಕಿರಿದಾಗಿ ಹಿರಿದಾಗಿ ನಾನಾ ಲೀಲೆಗಳನ್ನು ತೋರಿಸುವಂಥವು. ಇವೆಲ್ಲದರ ಲಗಾಮೂ ಪ್ರೇಕ್ಷಕರ ಹಿಂದೆ ಕುಳಿತ ಒಬ್ಬನ ಕೈಯಲ್ಲಿ.

ದೀಪ ನಡೆಸುವವನು ಹೀಗೆ ರಂಗಕ್ಕೆ ಎದುರಾಗಿ ಕುಳಿತುದೇ ಒಂದು ಚರಿತ್ರೆ. ಹಿಂದೆ ದೀಪದ ಹಿಡಿಗಳೆಲ್ಲ ರಂಗದ ಪಕ್ಕದಲ್ಲಿಯೇ ಇರುತ್ತಿದ್ದುವು. ಅವನ್ನು ಎಳೆಯುವವನಿಗೆ ತಾನು ಮಾಡಿದ ಬೆಳಕು ಹೇಗಿದೆಯೆಂದು ಸರಿಯಾಗಿ ಕಾಣುತ್ತಿರಲಿಲ್ಲ. 1935ರಲ್ಲಿ ಲಂಡನ್ನಿನ ಸ್ಟ್ರಾಂಡ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಫ್ರೆಡೆರಿಕ್ ಬೆಂಥಮ್ ಎಂಬವರು ಆರ್ಗನ್ ವಾದ್ಯದ ಪೀಠವನ್ನೇ ಮಾದರಿಯಾಗಿಟ್ಟುಕೊಂಡು ಒಂದು ‘ಲೈಟ್ ಕನ್ಸೋಲ್’ ಮಾಡಿಸಿದರು. ವಾದ್ಯಗಾರನು ಕೀಲಿಗಳನ್ನು ಒತ್ತುತ್ತ ನಾದವನ್ನು ಕೇಳುವಂತೆ, ದೀಪಗಾರನು ಕೀಲಿಗಳನ್ನು ಒತ್ತುತ್ತ ರಂಗವನ್ನು ನೋಡಬೇಕೆಂಬುದು ಅವರ ಆಶಯ. ಆಮೇಲೆ 1975ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ, ‘ಎ ಕೋರಸ್ ಲೈನ್’ ಎಂಬ ಸಂಗೀತನಾಟಕಕ್ಕೆ ಬೆಳಕನ್ನು ಸಂಯೋಜಿಸಿದ ಥಾರನ್ ಮಸ್ಸರ್ ಎಂಬ ಮಹಿಳೆ, ದೃಶ್ಯದೃಶ್ಯದ ದೀಪದ ಅಂಕೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಗಣಕಯಂತ್ರವನ್ನು ಅಲ್ಲಿ ಮೊದಲಬಾರಿಗೆ ಬಳಸಿದರು. 1986ರಲ್ಲಿ ಅಮೆರಿಕದಲ್ಲಿ ಡಿ.ಎಂ.ಎಕ್ಸ್. 512 ಎಂಬ ಕಟ್ಟಳೆ ಹುಟ್ಟಿತು. ಅದರಂತೆ ಒಂದು ತಂತಿಯ ಮೂಲಕ 512 ಅಂಕೆಗಳು ಸೆಕೆಂಡಿಗೆ ಸುಮಾರು 44 ಬಾರಿಯವರೆಗೆ ದೀಪಗಳಿಗೆ ಹರಿದುಹೋಗುವುವು. ಒಂದೊಂದು ಅಂಕೆಯೂ 0ಯಿಂದ 255ರ ಒಳಗೆ. ಸಾಧುದೀಪಕ್ಕೆ ಒಂದು ಅಂಕೆ ಸಾಕು. ತಿರುಗುವ ದೀಪಕ್ಕೆ ಮೂವತ್ತಾದರೂ ಬೇಕು. ನಮ್ಮ ನಲವತ್ತೆಂಟು ದೀಪಗಳಿಗೆ ಹೆಚ್ಚು ಕಡಿಮೆ ನಾನೂರು ಅಂಕೆಗಳಾದುವು. ಅವಷ್ಟೂ ಫಲಕದ ಮೇಲೆ ಒಟ್ಟಿಗೆ ಬಂದು ನಿಂತರೆ, ಸಂತೆಯಲ್ಲಿ ಮಗುವನ್ನು ಹುಡುಕಿದಂತೆಯೇ ಸರಿ.

ನಮ್ಮಲ್ಲಿರುವ ಕನ್ಸೋಲು ಅಮೆರಿಕದ ಇ.ಟಿ.ಸಿ. ಎಂಬ ಸಂಸ್ಥೆಯದು. ಆ ಜಾತಿಯ ಯಂತ್ರಗಳಿಗೆ ‘ಈಓಸ್’ ಎಂದು ಹೆಸರು. ಗ್ರೀಕರಲ್ಲಿ ಅದು ಅರುಣೋದಯದ ದೇವತೆ. ನಮ್ಮ ವೇದದ ಉಷಸ್ಸಿಗೂ ಆ ಹೆಸರಿಗೂ ಮೂಲ ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಉಷಾದೇವಿಯ ಈ ಫಲಕವನ್ನು ಎರಡು ಬಗೆಯಾಗಿ ನೋಡಬಹುದು. ಒಂದರಲ್ಲಿ ಪ್ರತಿಯೊಂದು ದೀಪಕ್ಕೂ ಒಂದು ಪುಟ್ಟ ಮನೆ. ಮನೆಯ ಮೇಲೆ ದೀಪದ ಸಂಖ್ಯೆ, ಒಳಗೆ ಅದು ನೂರರಲ್ಲಿ ಎಷ್ಟು ಪಾಲು ಉರಿಯುತ್ತಿದೆಯೆಂಬ ಅಂಕೆ. ಇನ್ನೊಂದು ಬಗೆ ಖಾತೆಯ ಪುಸ್ತಕದಂತೆ: ಸಾಲಿಗೊಂದು ದೀಪ, ಉರಿ, ದಿಕ್ಕು, ಬಣ್ಣ, ಅಂಚು ಇವಕ್ಕೆ ಒಂದೊಂದು ಕಲಮು. ದಿಕ್ಕನ್ನೂ ಬಣ್ಣವನ್ನೂ ಬರಿಯ ಅಂಕೆಯಾಗಿ ಓದುವುದು ಕಷ್ಟವೆಂದು, ನಾವೇ ಇಟ್ಟ ಹೆಸರುಗಳು ಅಲ್ಲಿ ಕಾಣುವಂತೆ ಮಾಡಬಹುದು. ‘ಸಿಂಹಾಸನ’ ಎಂದರೆ ದೀಪವು ಸಿಂಹಾಸನದ ಕಡೆಗೆ ತಿರುಗಿದೆ. ‘ಬೆಳದಿಂಗಳು’ ಎಂದರೆ ನಾವು ಒಪ್ಪಿದ ನೀಲಿಯನ್ನು ತಾಳಿದೆ. ಹೆಸರಿನೊಳಗಿನ ನಿಜವಾದ ಅಂಕೆ ಬೇಕೆಂದರೆ ಒಂದು ಕೀಲಿಯನ್ನು ಒತ್ತಿಹಿಡಿದರಾಯಿತು.

ಆದರೆ ಫಲಕದ ಜೀವವಿರುವುದು ಅಂಕೆಯಲ್ಲಲ್ಲ, ಅಂಕೆಯ ಬಣ್ಣದಲ್ಲಿ. ನಾಟಕದ ಬೆಳಕನ್ನು ಕ್ಯೂ ಎಂಬ ಹೆಜ್ಜೆಗಳಾಗಿ ವಿಂಗಡಿಸಿರುತ್ತಾರೆ; ಒಂದೊಂದು ಕ್ಯೂಗೂ ಒಂದೊಂದು ಸಂಖ್ಯೆ. ದೀಪಕ್ಕೆ ಒಂದು ಕ್ಯೂನಲ್ಲಿ ಅರವತ್ತು ಎಂದು ಹೇಳಿದರೆ, ಬೇರೆ ಹೇಳುವವರೆಗೆ ಅದು ಅರವತ್ತರಲ್ಲಿಯೇ ನಿಲ್ಲುತ್ತದೆ. ಈಗ ಬಣ್ಣಗಳನ್ನು ನೋಡಿರಿ. ಅಂಕೆ ನೀಲಿಯಾಗಿದ್ದರೆ, ಆ ದೀಪದ ಉರಿ ಹಿಂದಿನ ಕ್ಯೂಗಿಂತ ಏರಿದೆ. ಹಸಿರಾಗಿದ್ದರೆ ಇಳಿದಿದೆ. ಕೆನ್ನೇರಳೆಯಾಗಿದ್ದರೆ, ಈ ಕ್ಯೂನಲ್ಲಿ ಅದಕ್ಕೆ ಯಾರೂ ಏನೂ ಹೇಳಿಲ್ಲ; ಹಿಂದೆಂದೋ ಹೇಳಿದ ಮಾತೇ ನಡೆದುಬಂದಿದೆ. ಕೆಂಪಾಗಿದ್ದರೆ, ಈಗತಾನೆ ಕೈಯಿಂದ ಕೊಟ್ಟುದು. ಬಿಳಿಯಾಗಿದ್ದರೆ, ಮೊತ್ತ ಹಿಂದಿನದೇ ಆದರೂ ಬೇಕೆಂದೇ ಈ ಕ್ಯೂನಲ್ಲಿ ಮತ್ತೆ ಬರೆದು ಭದ್ರಪಡಿಸಿದುದು.

ಲೆಕ್ಕ ಬರೆದ ಕೈಗೆ ಇದು ಹೊಸತೇ? ನೀಲಿ ಜಮಾ, ಹಸಿರು ಖರ್ಚು. ಕೆನ್ನೇರಳೆಯೆಂಬುದು ಹಿಂದಿನ ಪುಟದಿಂದ ಬಂದ ಶಿಲ್ಕು. ಕೆಂಪು ಇನ್ನೂ ಖಿರ್ದಿಗೆ ಏರದ ಚೀಟಿ. ಹಳೆಯ ಶಾನುಭೋಗರು ಹೇಳುತ್ತಿದ್ದುದುಂಟು: ಜಮಾಖರ್ಚನ್ನು ಎಲ್ಲರೂ ತಿದ್ದಿ ನೋಡುತ್ತಾರೆ, ಶಿಲ್ಕನ್ನು ನಂಬಿಬಿಡುತ್ತಾರೆ, ಮನೆ ಮುಳುಗುವುದು ಅಲ್ಲಿಯೇ. ಹಿಂದಿನ ಪುಟದಲ್ಲಿ ಯಾರಾದರೂ ಒಂದು ಅಂಕೆಯನ್ನು ತಿದ್ದಿದರೆ ಮುಂದಿನ ಪುಟಗಳ ಶಿಲ್ಕೆಲ್ಲವೂ ಸದ್ದಿಲ್ಲದೆ ಬದಲಾಗುವುದಷ್ಟೆ. ದೀಪದ ಲೆಕ್ಕದಲ್ಲಿಯೂ ಹಾಗೆಯೇ. ಆದುದರಿಂದ ಫಲಕವನ್ನು ಓದುವುದೆಂದರೆ ‘ಎಷ್ಟು’ ಎಂದು ಓದುವುದಲ್ಲ. ‘ಎಲ್ಲಿಂದ ಬಂದಿತು’ ಎಂದು ಓದುವುದು.

ಇನ್ನು ಅಣಿಗೊಳಿಸುವ ಮಾತು. ನಾನೂರು ಅಂಕೆಗಳನ್ನು ಕಣ್ಣಿನಲ್ಲಿ ತುಂಬಿಕೊಂಡು ರಂಗವನ್ನು ನೋಡುವುದು ಮನುಷ್ಯಮಾತ್ರರಿಗೆ ಸಾಧ್ಯವಲ್ಲ. ಈ ಯಂತ್ರವು ಬೇಡವಾದುದನ್ನು ಮರೆಮಾಡಿಕೊಡುತ್ತದೆ. ತಂತಿಗೆ ಸೇರಿದ ದೀಪಗಳನ್ನಷ್ಟೇ ತೋರಿಸೆನ್ನಬಹುದು, ಉರಿಯುತ್ತಿರುವುದನ್ನಷ್ಟೇ ತೋರಿಸೆನ್ನಬಹುದು, ಈ ಕ್ಯೂನಲ್ಲಿ ಬದಲಾದುದನ್ನಷ್ಟೇ ತೋರಿಸೆನ್ನಬಹುದು. ಅಕ್ಷರವನ್ನು ಹಿರಿದು ಮಾಡಬಹುದು. ಇದಲ್ಲದೆ, ಬರಿಯ ಹಾಳೆಯೊಂದರ ಮೇಲೆ ರಂಗದ ನಕ್ಷೆಯನ್ನು ಬರೆದು, ದೀಪಗಳನ್ನು ಅವು ತೂಗುವ ಎಡೆಯಲ್ಲಿಯೇ ಕುಳ್ಳಿರಿಸಿ, ಅದನ್ನು ಇನ್ನೊಂದು ಫಲಕದ ಮೇಲೆ ಇಟ್ಟುಕೊಳ್ಳುವುದಕ್ಕೂ ಅನುಕೂಲವಿದೆ. ಅದಕ್ಕೆ ‘ಮ್ಯಾಜಿಕ್ ಶೀಟ್’ ಎನ್ನುತ್ತಾರೆ.

ಇವುಗಳಲ್ಲಿ ಎಲ್ಲರಿಗೂ ಬಲು ಪ್ರಿಯವಾದುದು, ಬದಲಾದುದನ್ನು ಮಾತ್ರ ತೋರಿಸುವ ನೋಟ. ಫಲಕ ಹಗುರವಾಗುತ್ತದೆ, ಹತ್ತಿಪ್ಪತ್ತು ಅಂಕೆಗಳಲ್ಲಿ ದೃಶ್ಯದ ಕಥೆಯೆಲ್ಲ ತಿಳಿಯುತ್ತದೆ. ನಾನೂ ಅದನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಬದಲಾಗದೆ ನಿಂತುದು ಆ ನೋಟದಲ್ಲಿ ಕಾಣುವುದೇ ಇಲ್ಲ, ಕೆನ್ನೇರಳೆಯೆಲ್ಲವೂ ಮರೆ. ಒಂದು ನಾಟಕದ ತಾಲೀಮಿನಲ್ಲಿ ಇದರ ಅರ್ಥ ನನಗೆ ಚೆನ್ನಾಗಿ ಮನದಟ್ಟಾಯಿತು.

ಆ ನಾಟಕದಲ್ಲಿ ಮುದಿಯರಸನ ಪಾತ್ರವನ್ನು ವಹಿಸಿದವರು ನಮ್ಮ ಮಂಡಲಿಯ ಹಿರಿಯರು, ಎಪ್ಪತ್ತನಾಲ್ಕು ವಯಸ್ಸು. ಕಡೆಯ ಅಂಕದಲ್ಲಿ ಅವರು ಮೂರು ಮೆಟ್ಟಿಲುಗಳನ್ನು ಇಳಿದು ರಂಗದ ಮುಂಭಾಗಕ್ಕೆ ಬರಬೇಕು. ತಾಲೀಮು ಆರಂಭವಾದ ವಾರದಲ್ಲಿ ಅವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, “ರಾಯರೆ, ಯಾರಿಗೂ ಹೇಳಬೇಡಿ. ಎಡಗಣ್ಣು ಹೋಗಿಯೇ ಹೋಯಿತು. ಬಲಗಣ್ಣಿಗೆ ಮೆಟ್ಟಿಲ ಅಂಚು ಕಾಣಬೇಕಾದರೆ ಬಲಗಡೆಯಿಂದ ಬೀಳುವ ಆ ದೀಪ ಇರಲೇಬೇಕು. ಅದೇ ನನ್ನ ಊರುಗೋಲು” ಎಂದರು. ತಿಳಿದರೆ ಪಾತ್ರವನ್ನು ಬೇರೆಯವರಿಗೆ ಕೊಟ್ಟಾರೆಂದು ಅವರ ಅಂಜಿಕೆ. ಐವತ್ತು ವರ್ಷ ಬಣ್ಣ ಹಚ್ಚಿದ ಮುಖ ಅದು. ನಾನು ಮಾತು ಕೊಟ್ಟೆನು.

ಆ ದೀಪದ ಸಂಖ್ಯೆ 17. ನಲವತ್ತೊಂದನೆಯ ಕ್ಯೂನಲ್ಲಿ ಅದಕ್ಕೆ ಅರವತ್ತು ಎಂದು ಬರೆದಿದ್ದಿತು. ಅರಸರು ಮೆಟ್ಟಿಲಿಳಿಯುವುದು ಐವತ್ತೆಂಟರಲ್ಲಿ. ನಡುವೆ ಅದರ ಮಾತೇ ಇಲ್ಲ. ನಾನು ಅಂದೇ ಒಂದು ಮ್ಯಾಜಿಕ್ ಶೀಟನ್ನು ತೆರೆದು, ಮೆಟ್ಟಿಲು, ಬಾಗಿಲು, ರಂಗದ ಅಂಚು ಇವುಗಳ ಮೇಲೆ ಬೀಳುವ ಐದು ದೀಪಗಳನ್ನು ಮಾತ್ರ ಅದರಲ್ಲಿ ಇಟ್ಟು, ಬಲಗಡೆಯ ಫಲಕದಲ್ಲಿ ನಿಲ್ಲಿಸಿದೆನು. ನಾಟಕದ ಬೆಡಗಿಗೂ ಆ ಐದಕ್ಕೂ ಸಂಬಂಧ ಸ್ವಲ್ಪವೇ. ಜನರ ಕಾಲು ಅವನ್ನು ನಂಬಿರುವುದು.

ಕಡೆಯ ತಾಲೀಮಿನ ರಾತ್ರಿ ನಿರ್ದೇಶಕರಿಗೆ ನಲವತ್ತಮೂರನೆಯ ಕ್ಯೂ ಹಿಡಿಸಲಿಲ್ಲ. “ಇದು ಬೆಳದಿಂಗಳ ಹೊತ್ತು. ಬಲಗಡೆಯ ಬೆಳಕನ್ನು ಹತ್ತಕ್ಕೆ ಇಳಿಸಿರಿ” ಎಂದರು. ಕೇಳಿದುದು ನ್ಯಾಯವಾಗಿಯೇ ಇದ್ದಿತು. ಇಳಿಸಿದೊಡನೆ ದೃಶ್ಯ ಸೊಗಸಾಯಿತು. ಬಲಗಡೆಯ ಫಲಕದಲ್ಲಿ 17ರ ಅಂಕೆ ಹತ್ತಾದುದು ನನ್ನ ಕಣ್ಣಿಗೆ ಬಿದ್ದಿತು. ಅದನ್ನು ದಾಖಲು ಮಾಡುವುದಕ್ಕೆ ಮುಂಚೆ, ರಂಗದ ಬೆಳಕನ್ನು ಕದಲಿಸದೆಯೇ ಬೇರೊಂದು ಕ್ಯೂವನ್ನು ತೆರೆದು ನೋಡುವ ಅನುಕೂಲವಿದೆಯಷ್ಟೆ, ಅದರಿಂದ ಐವತ್ತೆಂಟನ್ನು ತೆರೆದೆನು. ಅಲ್ಲಿ 17ಕ್ಕೆ ಅರವತ್ತು ಇದ್ದಿತು. ಬಣ್ಣ ಕೆನ್ನೇರಳೆ. ಶಿಲ್ಕು! ನಲವತ್ತಮೂರರಲ್ಲಿ ಹತ್ತು ಎಂದು ಬರೆದೊಡನೆ ಇಲ್ಲಿಯೂ ಹತ್ತೇ ಆಗುವುದು. ಮೆಟ್ಟಿಲ ಅಂಚು ಕತ್ತಲೆಗೆ ಸೇರುವುದು. ಅರವತ್ತನ್ನು ಅಲ್ಲಿಯೇ ಕಟ್ಟಿಹಾಕಿದೆನು, ಅಂಕೆ ಬಿಳಿದಾಯಿತು. ಆಮೇಲೆ ನಲವತ್ತಮೂರನ್ನು ದಾಖಲು ಮಾಡಿದೆನು. ಅರ್ಧ ನಿಮಿಷದ ಕೆಲಸ. ಹಿಂದೆ ನಿಂತಿದ್ದ ನಿರ್ದೇಶಕರು, “ಏನು ತಡ, ರಾಯರೆ?” ಎಂದರು. “ಏನಿಲ್ಲ, ಲೆಕ್ಕ ನೋಡುತ್ತಿದ್ದೆ” ಎಂದೆನು.

ಪ್ರದರ್ಶನದ ದಿನ ಅರಸರು ಮೂರು ಮೆಟ್ಟಿಲುಗಳನ್ನೂ ರಾಜಗಾಂಭೀರ್ಯದಿಂದ ಇಳಿದರು. ಎರಡನೆಯದರಲ್ಲಿ ಒಂದು ಕ್ಷಣ ನಿಂತು ಸಭೆಯನ್ನು ದೃಷ್ಟಿಸಿದರು. ಜನ ಚಪ್ಪಾಳೆ ತಟ್ಟಿದರು. ಆ ನಿಲುವು ಅಭಿನಯವೋ, ಅಂಚನ್ನು ಹುಡುಕಿದುದೋ, ನಾನು ಅವರನ್ನು ಕೇಳಲಿಲ್ಲ.

ಇದರಿಂದ ನಾನು ಅರಿತುಕೊಂಡುದು ಇಷ್ಟು. ಬದಲಾವಣೆಯನ್ನು ಕಾಣುವುದಕ್ಕೆ ಕಣ್ಣಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ತಾನಾಗಿಯೇ ಅತ್ತ ಓಡುತ್ತದೆ, ಯಂತ್ರವೂ ಅದಕ್ಕೆ ನೆರವಾಗುತ್ತದೆ. ಸುಮ್ಮನೆ ನಿಂತುದನ್ನು ಕಾಣುವುದಕ್ಕೆ ಮಾತ್ರ ನಾವೇ ಏರ್ಪಾಡು ಮಾಡಿಕೊಳ್ಳಬೇಕು. ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ? ಹಬ್ಬದ ಅಡಿಗೆಯನ್ನು ಎಲ್ಲರೂ ಹೊಗಳುತ್ತಾರೆ. ದಿನವೂ ಬೆಳಗ್ಗೆ ಬಾವಿಕಟ್ಟೆಯ ಪಾಚಿಯನ್ನು ಉಜ್ಜಿದ ಕೈ ಯಾರ ಫಲಕದಲ್ಲಿಯೂ ಮೂಡುವುದಿಲ್ಲ. ಅದು ನಿಂತ ದಿನ ಯಾರಾದರೂ ಜಾರಿದರೆ ಉಂಟು.

ಈಚೆಗೆ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ಈ ಕೆಲಸವನ್ನು ಕಲಿಯಲು ಬರುತ್ತಿದ್ದಾಳೆ. ಬಂದ ಮೂರನೆಯ ದಿನವೇ, “ಸಾರ್, ಇಷ್ಟು ದಪ್ಪ ಅಕ್ಷರ ಏಕೆ? ಅರ್ಧ ಫಲಕ ದಂಡವಾಗುತ್ತದೆ” ಎಂದಳು. ಎಳೆಯ ಕಣ್ಣಿಗೆ ತಕ್ಕ ಮಾತು. ಫಲಕದ ಏರ್ಪಾಡನ್ನು ಒಬ್ಬೊಬ್ಬರೂ ತಮಗೆ ಬೇಕಾದಂತೆ ಮಾಡಿ ಒಂದೊಂದು ಸಂಖ್ಯೆಯಡಿಯಲ್ಲಿ ಉಳಿಸಿಟ್ಟುಕೊಳ್ಳಬಹುದಾದುದರಿಂದ ಜಗಳಕ್ಕೆ ಕಾರಣವಿರಲಿಲ್ಲ. ಒಂದನೆಯದು ನನ್ನದು, ಎರಡನೆಯದು ಅವಳದು. ಅವಳು ಸಾಲುಗಳನ್ನು ಕಿರಿದು ಮಾಡಿದಳು. ಕಲಮುಗಳ ಅನುಕ್ರಮವನ್ನು ಬದಲಾಯಿಸಿದಳು. ನಾನಿಟ್ಟ ಕೆಲವು ಹೆಸರುಗಳನ್ನು ನೋಡಿ ನಕ್ಕಳು. ಬಲಗಡೆಯ ಆ ಐದು ದೀಪಗಳ ಹಾಳೆಯನ್ನು ಕಂಡು, “ಇವು ಏತಕ್ಕೆ ಸಾರ್, ಇವುಗಳಲ್ಲಿ ಏನೂ ಆಗುವುದೇ ಇಲ್ಲವಲ್ಲ?” ಎಂದು ಕೇಳಿದಳು. ನಾನು ಅವಳನ್ನು ರಂಗದ ಮೇಲಕ್ಕೆ ಕರೆದುಕೊಂಡು ಹೋಗಿ, 17ನ್ನು ಹತ್ತಕ್ಕೆ ಇಳಿಸಿ, ಒಂದು ಕಣ್ಣನ್ನು ಕೈಯಿಂದ ಮುಚ್ಚಿಕೊಂಡು ಆ ಮೂರು ಮೆಟ್ಟಿಲುಗಳನ್ನು ಇಳಿಯಲು ಹೇಳಿದೆನು. ಅವಳ ತೋಳಿನ ಪಕ್ಕದಲ್ಲಿಯೇ ನಾನು ನಿಂತಿದ್ದೆನು. ಅವಳು ಮೊದಲ ಮೆಟ್ಟಿಲಿನಲ್ಲಿಯೇ ಕಾಲನ್ನು ಮುಂದಿಟ್ಟು, ತಡವಿ, ಹಿಂದಕ್ಕೆ ತೆಗೆದುಕೊಂಡಳು, ಏನೂ ಮಾತನಾಡಲಿಲ್ಲ. ಎರಡನೆಯ ಏರ್ಪಾಡಿನಲ್ಲಿ ಈಗ ಎಲ್ಲವೂ ಅವಳ ಇಷ್ಟದಂತೆಯೇ ಇದೆ. ಬಲಗಡೆಯ ಆ ಹಾಳೆ ಮಾತ್ರ ಇದ್ದಂತೆಯೇ ಇದೆ.